ಕುದೂರಿನ ಲಿಫ್ಟು

ಹಳ್ಳಿಹಳ್ಳಿಯಲ್ಲೂ ಮೊಬೈಲ್ ಟವರ್ ಏಳುತ್ತಿದ್ದ ಕಾಲದಲ್ಲಿ ನಾನು ಮಾಗಡಿಯ ಟೆಲಿಫೋನ್ ಕಂಪನಿಯೊಂದರಲ್ಲಿದ್ದೆ. ಯಾವ ಯಂತ್ರ ಎಲ್ಲಿದೆ ಎಂದು ದಾಖಲಿಸಲು ಬೆಂಗಳೂರಿನಿಂದ ಹೊಸ ಸಾಫ್ಟ್‌ವೇರ್ ಬಂತು. ಅದರ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಒಂದಕ್ಕೆ ಉತ್ತರ ಬಿಟ್ಟರೂ ಮುಂದಕ್ಕೆ ಹೋಗುತ್ತಿರಲಿಲ್ಲ. ಕುದೂರಿನ ಹೊಲದಲ್ಲಿದ್ದ ಟವರಿಗೂ ಎಷ್ಟನೇ ಮಹಡಿ, ಲಿಫ್ಟ್ ಇದೆಯೇ ಎಂದು ಕೇಳಿತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಕನಕಪುರದ ಗೆಳತಿ ರೇಗಿಹೋಗಿ, ‘ನಾಲ್ಕನೇ ಮಹಡಿ, ಲಿಫ್ಟ್ ಇದೆ’ ಎಂದು ತುಂಬಿಬಿಟ್ಟಳು.

ಕೆಲವು ತಿಂಗಳಾದ ಮೇಲೆ ಆ ಸಾಫ್ಟ್‌ವೇರ್ ಮಾಡಿಸಿದ ಅಧಿಕಾರಿಯೇ ತಪಾಸಣೆಗೆ ಬಂದರು. ನಾವಿಬ್ಬರೂ ಅವರನ್ನು ಜೀಪಿನಲ್ಲಿ ಕುದೂರಿಗೆ ಕರೆದೊಯ್ದೆವು. ರಾಗಿ ಹೊಲದ ನಡುವೆ ನಿಂತು ಅವರು ಸುತ್ತಲೂ ನೋಡಿದರು.

“ಲಿಫ್ಟ್ ಎಲ್ಲಿ?”

“ಕೆಟ್ಟೋಗೈತೆ ಸಾರ್,” ಎಂದಳು ಗೆಳತಿ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ನಗು ತಡೆಯಲಾಗದೆ ನಾನು ಜೀಪಿನ ಮರೆಗೆ ಓಡಿದೆ. ಅಧಿಕಾರಿ ಅವಳನ್ನೇ ದಿಟ್ಟಿಸಿ, ಕೊನೆಗೆ ತಾವೂ ನಕ್ಕುಬಿಟ್ಟರು. “ಏನಮ್ಮಾ ಇದು?”

“ಸುಳ್ಳು ಹೇಳ್ದಿದ್ರೆ ನಿಮ್ ಸಾಫ್ಟ್‌ವೇರ್ ಮುಂದುಕ್ಕೆ ಬುಡಾಕಿಲ್ಲ ಸಾರ್. ಏನೈತೆ, ಎಲ್ಲೈತೆ, ಬೀಗದ ಕೈ ಯಾರತ್ರ ಐತೆ, ಇಷ್ಟು ಕೇಳುದ್ರೆ ಸಾಕಲ್ವಾ?”

ಸ್ವಲ್ಪ ದಿನಕ್ಕೆ ಹೊಸ ಸಾಫ್ಟ್‌ವೇರ್ ಬಂತು. ಅದರಲ್ಲಿ ಆ ಮೂರೇ ಪ್ರಶ್ನೆಗಳಿದ್ದವು. ಬೆಳಗಿನ ಕೆಲಸ ಕಾಫಿ ಹೊತ್ತಿಗೇ ಮುಗಿದುಹೋಯಿತು. ಗೆಳತಿ ಬೇಸರದಿಂದ ಕುರ್ಚಿಗೆ ಒರಗಿದಳು.

“ಥೂ, ಇನ್ಮೇಲೆ ಯಾರ್ನ ಬಯ್ಕೊಂಡು ಕೆಲ್ಸ ಮಾಡಾದು?”