ಜೋಳದ ಹೊಲದಲ್ಲಿ ಮೂರು ಸೀಟಿ

ಕುದುರೆಯಿಂದ ಬಿದ್ದವರ ಕಥೆ ನೀವು ಕೇಳಿರುತ್ತೀರಿ. ನಾನು ಬೀಳಲಿಲ್ಲ, ನಾನಾಗಿಯೇ ಇಳಿದೆ. (ಯಾಕೆ ಅಂತ ಕೇಳಬೇಡಿ. ಹೊರಡುವಾಗ ಕಾಕಿ ತಂಬಿಗೆ ತುಂಬ ಮಜ್ಜಿಗೆ ಕುಡಿಸಿದ್ದಳು.) ಜಾಲಿಗಿಡದ ಮರೆಯಿಂದ ಎದ್ದು ಬರುವಷ್ಟರಲ್ಲಿ ಕುದುರೆ ನಾಪತ್ತೆ.

ಕುದುರೆ ನನ್ನದಾಗಿದ್ದರೆ ಇಷ್ಟು ಬೆವರುತ್ತಿರಲಿಲ್ಲ. ಚಂದ್ರಿ ಮೊರಬದ ನಮ್ಮ ಕಾಕಾನ ಜೀವ. ಯಾರಿಗೂ ಕೊಡದವನನ್ನು ವಾರಗಟ್ಟಲೆ ಕಾಡಿ ಒಪ್ಪಿಸಿದ್ದೆ. ಡಾಂಬರು ಮುಟ್ಟದೆ, ಬರೀ ಬಂಡಿದಾರಿಯಲ್ಲಿ ಒಬ್ಬಳೇ ಅಣ್ಣಿಗೇರಿ ಸೇರಬೇಕೆಂಬ ಹುಚ್ಚು ನನಗೆ. (ಬಸ್ಸಿದೆ. ಗೊತ್ತು.)

ವಿಡಿಯೊ ಮೇಲೆ ವಿಡಿಯೊ ನೋಡಿ ಎಮರ್ಜೆನ್ಸಿ ಕಿಟ್ ಕಟ್ಟಿದ್ದೆ. ಹಗ್ಗ, ಟಾರ್ಚು, ಬ್ಯಾಂಡೇಜು, ಪವರ್ ಬ್ಯಾಂಕು, ಹಿಮದಲ್ಲಿ ಸಿಕ್ಕಿಕೊಂಡರೆ ಹೊದೆಯಲು ಬೆಳ್ಳಿಬಣ್ಣದ ಹಾಳೆ. ನವಲಗುಂದ ತಾಲೂಕಿನಲ್ಲಿ ಹಿಮ ಯಾವಾಗ ಬೀಳುತ್ತದೆ ಅಂತ ಕಾಕಾ ಕೇಳಿದ. ನಾನು ಹಾಳೆ ಮಡಚಿ ಕಿಟ್ಟಿನೊಳಗೆ ತುರುಕಿದೆ. ಪ್ಲಾನಿಂಗ್ ಗೊತ್ತಿಲ್ಲದವರ ಜೊತೆ ಏನು ವಾದ?

ಕಿಟ್ಟು, ಫೋನು, ಕಾಕಿಯ ರೊಟ್ಟಿ ಗಂಟು, ಎಲ್ಲವನ್ನೂ ಜೀನಿಗೆ ಬಿಗಿದೆ. ಎಷ್ಟು ಭದ್ರವಾಗಿ ಬಿಗಿದಿದ್ದೆನೆಂದರೆ, ಒಂದು ಸಾಮಾನೂ ಕೆಳಗೆ ಬೀಳಲಿಲ್ಲ. ಎಲ್ಲವೂ ಚಂದ್ರಿಯ ಜೊತೆಗೇ ಹೋದವು.

ನನ್ನ ಕೊರಳಲ್ಲಿ ಉಳಿದದ್ದು ಒಂದು ಸೀಟಿ. ಮೂರು ಸಲ ಊದಿದರೆ ಅದು ಅಪಾಯದ ಸಂಕೇತ, ಇಡೀ ಜಗತ್ತಿಗೆ ಗೊತ್ತು ಅಂದಿತ್ತು ವಿಡಿಯೊ. ಊದಿದೆ. ಆಳೆತ್ತರದ ಜೋಳದಾಚೆಯಿಂದ ಡಬ್ಬಿ ಬಡಿದ ಸದ್ದು ಬಂತು. ಸದ್ಯ, ಉತ್ತರ ಸಿಕ್ಕಿತು! ಮತ್ತೆ ಊದಿದೆ. ಡಬ್ಬಿ ಇನ್ನೂ ಜೋರಾಯಿತು. ನಾನು ಊದುವುದು, ಅದು ಬಡಿಯುವುದು. ಹೀಗೇ ನಡೆಯಿತೇ ಹೊರತು ಯಾರೂ ಬರಲಿಲ್ಲ.

ಕೊನೆಗೊಮ್ಮೆ ಜೋಳದ ಸಾಲು ಸರಿಸಿಕೊಂಡು ಹೆಂಗಸೊಬ್ಬಳು ಬಂದಳು. ಕೈಯಲ್ಲಿ ಡಬ್ಬಿ, ಮುಖದ ತುಂಬ ಸಿಟ್ಟು.

"ನೀವು ಹಿಂಗ ಸೀಟಿ ಹೊಡದ್ರ ಈ ಹೊಲದ ಹಕ್ಕಿ ಎಲ್ಲಾ ನಮ್ಮ ತೆನಿ ಮ್ಯಾಲ ಬಂದು ಕುಂದರ್ತಾವ್ರಿ ಅಕ್ಕಾರ."

ಪಕ್ಕದ ಹೊಲದವರು ಹಕ್ಕಿ ಕಾಯಲು ನನ್ನನ್ನು ಕರೆಸಿದ್ದಾರೆ ಅಂದುಕೊಂಡಿದ್ದಳು! ನಾನು ನಡೆದದ್ದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳುವೇ ಬಂತು. ಚಂದ್ರಿಗೆ ಏನಾದರೂ ಆದರೆ ಕಾಕಾನಿಗೆ ಯಾವ ಮುಖ ತೋರಿಸಲಿ? ಅವಳು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ರೊಟ್ಟಿ ಸುದ್ದಾ ಕುದರಿ ಮ್ಯಾಲ ಕಟ್ಟೀರೇನ್ರಿ?"

ಹೌದು ಎಂದು ತಲೆಯಾಡಿಸಿದೆ. ಸಿಟ್ಟೆಲ್ಲ ಇಳಿದು ಅವಳಿಗೆ ನನ್ನ ಮೇಲೆ ಕನಿಕರ ಬಂತು. ಬಾಯಿಗೆ ಕೈ ಅಡ್ಡ ಹಿಡಿದು ಆಚೆ ಹೊಲಕ್ಕೆ ಕೂಗಿದಳು. ಆ ಹೊಲದವರು ಅದರಾಚೆ ಹೊಲಕ್ಕೆ ಕೂಗಿದರು. ನಾನು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಸುದ್ದಿ ವಾಪಸು ಬಂತು: ಕುದುರೆ ಕಡಲೆ ಹೊಲದಲ್ಲಿ ಸಿಕ್ಕಿದೆ, ಬೇವಿನ ಗಿಡಕ್ಕೆ ಕಟ್ಟಿದ್ದಾರೆ.

ಓಡಿದೆವು. ಚಂದ್ರಿ ಬಾಯಿತುಂಬ ಹಸಿ ಕಡಲೆ ಗಿಡ ಮೆಲ್ಲುತ್ತ ನಿಂತಿದ್ದಳು. ಕೊರಳಿಗೆ ಬಿದ್ದು ಗಟ್ಟಿಯಾಗಿ ತಬ್ಬಿಕೊಂಡೆ. ಅವಳು ಮೆಲ್ಲುವುದನ್ನು ನಿಲ್ಲಿಸಲಿಲ್ಲ. ಬೆಳೆ ಹಾಳಾಯಿತಲ್ಲ ಅಂತ ಹೊಲದ ಅಜ್ಜನಿಗೆ ಕೈ ಮುಗಿದರೆ ಅವರಿಗೇ ಸಂಕೋಚ.

"ಯಾರ ಕುದರಿ ಅಂತ ನೋಡಾಕ ಗಂಟು ಬಿಚ್ಚಿದ್ವಿರಿ. ಚಟ್ನಿ ಅಗದಿ ಛಲೋ ಇತ್ತು."

ಕಿಟ್ಟನ್ನು ಯಾರೂ ಮುಟ್ಟಿರಲಿಲ್ಲ. ಅದರಲ್ಲಿ ತಿನ್ನುವಂಥದ್ದು ಏನೂ ಇರಲಿಲ್ಲವಲ್ಲ.

ನಿರ್ಜನ ಜಾಗಕ್ಕೆಂದು ಅಷ್ಟೆಲ್ಲ ಸಾಮಾನು ಕಟ್ಟಿಕೊಂಡು ಹೋದ ನನಗೆ ಈಗ ಸಿಟಿಯಲ್ಲಿರುವ ನನ್ನ ಓಣಿಯೇ ನಿರ್ಜನವೇನೋ ಎಂಬ ಅನುಮಾನ. ಅಂದಹಾಗೆ, ನಿಮ್ಮ ಮನೆಯ ಬಾಲ್ಕನಿಯಲ್ಲಿ ನಿಂತು ಮೂರು ಸಲ ಸೀಟಿ ಊದಿ ನೋಡಿ, ಬೈಯಲಿಕ್ಕಾದರೂ ಒಬ್ಬರು ಬರುತ್ತಾರಾ?