ಸಾಹೇಬರ ಎಡಗಿವಿ

ಮೊನ್ನೆ ಇಸ್ತ್ರಿ ಅಂಗಡಿಯೊಂದರ ಮುಂದೆ ಹೋಗುವಾಗ, ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದ ವಾಸನೆ ಬಂತು. ಅಲ್ಲೇ ನಿಂತುಬಿಟ್ಟೆ. ಶಹಾಪುರದಲ್ಲಿ ನಮ್ಮ ಎದುರುಮನೆಯ ದರ್ಜಿ ಸಾಹೇಬರು ನೆನಪಾದರು...

ಅಪ್ಪ ಶಾಲೆಯ ಮಾಸ್ತರರು. ಬೆಳಿಗ್ಗೆ ಹೊರಟಾಗ ಇವರು "ಸಲಾಮ್ರಿ ಸಾಹೇಬ್ರ" ಅನ್ನಬೇಕು, ಅವರು ಮನೆಮುಂದಿನ ಅಂಗಡಿಯಲ್ಲಿ ಹೊಲಿಗೆ ಮಷೀನಿನಿಂದ ತಲೆ ಎತ್ತದೆಯೇ "ಶರಣ್ರಿ ಮಾಸ್ತರ" ಅನ್ನಬೇಕು. ಇವರ ಶರಣು ಅವರು, ಅವರ ಸಲಾಮು ಇವರು ಹೇಳುವುದು ನಮ್ಮ ಕಡೆಯ ರೂಢಿ.

ನಿಜಾಮರ ಆಳ್ವಿಕೆ ಹೋಗಿ ಹೊಸ ಸರ್ಕಾರ ಬಂದ ಕಾಲ. ಎಲ್ಲರೂ ಅಳೆದು ತೂಗಿ ಮಾತಾಡುತ್ತಿದ್ದರು. ಆಗಲೇ ಸಾಹೇಬರು ಅಪ್ಪನ ಸಲಾಮಿಗೆ ಉತ್ತರಿಸುವುದು ನಿಂತಿತು. ಕೆಲವು ದಿನ ನೋಡಿ ಅಪ್ಪನೂ ಸಲಾಮು ಬಿಟ್ಟರು. ಸರ್ಕಾರ ಬದಲಾದದ್ದಕ್ಕೆ ಸಾಹೇಬರಿಗೆ ಮುನಿಸು ಎಂದು ಓಣಿ ತೀರ್ಮಾನ ಕೊಟ್ಟಿತು. ನಮ್ಮ ಓಣಿಗೆ ತೀರ್ಮಾನ ಕೊಡಲು ಪುರಾವೆ ಯಾವತ್ತೂ ಬೇಕಾಗಿರಲಿಲ್ಲ.

ಹಾಗೆಯೇ ವರ್ಷ ಕಳೆಯಿತು. ಸಾಹೇಬರು ನಡೆಯುವಾಗ ಓಲಾಡತೊಡಗಿದರು. ಒಂದು ಸಂಜೆ ನಮ್ಮ ಕಟ್ಟೆಯ ಹತ್ತಿರವೇ ಬಿದ್ದರು. ಅಪ್ಪ ಎತ್ತಿ ಕೂರಿಸಿ, ನೀರು ಕುಡಿಸಿ, ತಡೆಯಲಾರದೆ ಕೇಳಿದರು.

"ಸಾಹೇಬ್ರ, ನಮ್ ಮ್ಯಾಲ ಯಾಕ್ ಸಿಟ್ಟಾಗೀರಿ?"

"ನಂಗ್ಯಾಕ್ರಿ ಸಿಟ್ಟು? ಸಲಾಮ್ ಬಿಟ್ಟವ್ರು ನೀವಲ್ರಿ ಮಾಸ್ತರ? ನಮ್ ಸಂಗಾಟ ಮಾತಾಡಿದ್ರ ಮಂದಿ ಏನರೆ ಅಂತಾರಂತ ಅಂಜಾಕತ್ತೀರಿ ಅಂದ್ಕೊಂಡೆ."

ತಮ್ಮ ಸಲಾಮು ಕೇಳಿಸಿಯೇ ಇರಲಿಲ್ಲವೇನೋ ಎಂದು ಅಪ್ಪ ಅವರ ಎಡಕ್ಕೆ ಹೋಗಿ ಮೆಲ್ಲಗೆ ಕರೆದರು. ಸಾಹೇಬರು ತಿರುಗಲಿಲ್ಲ. ಅಂಗಡಿಯಲ್ಲಿ ಕೂತಾಗ ಅವರ ಎಡಗಿವಿಯೇ ಬೀದಿಗೆ ಇರುತ್ತಿತ್ತು. ಮಷೀನಿನ ಸದ್ದಿಗೆ ಕಿವಿ ಮಂದವಾಗಿದೆ ಎಂದು ಅವರೂ ಸುಮ್ಮನಿದ್ದರಂತೆ.

ಯಾದಗಿರಿಯ ಡಾಕ್ಟರು ತಲೆಯೊಳಗೇ ಏನೋ ಇದೆಯೆಂದು ಅನುಮಾನಿಸಿ ಮದ್ರಾಸಿಗೆ ಕಳಿಸಿದರು. ರೈಲಿನಲ್ಲಿ ಜೊತೆಗೆ ಹೋದವರು ಅಪ್ಪ. ತಲೆಬುರುಡೆಯ ತಳದಲ್ಲಿ, ಕಿವಿಯ ನರದ ಮೇಲೆ ಗಡ್ಡೆ ಬೆಳೆದಿತ್ತು. ಬಲು ಅಪರೂಪದ್ದು. ಬಿಟ್ಟರೆ ಮೆದುಳನ್ನು ಒತ್ತಿ ಜೀವ ತೆಗೆಯುತ್ತದೆ. ತೆಗೆದರೆ ಅದಕ್ಕೆ ಅಂಟಿಕೊಂಡಿರುವ ಮುಖದ ನರ ಹೋಗಿ ಅರ್ಧ ಮುಖ ಸತ್ತಂತಾಗುತ್ತದೆ ಎಂದರಂತೆ ಅಲ್ಲಿನ ದೊಡ್ಡ ಡಾಕ್ಟರು.

"ಮಾರಿ ಹ್ವಾದ್ರ ಹೋಗ್ಲಿ ಬಿಡ್ರಿ. ಮಕ್ಳು ಸಣ್ಣವದಾವ" ಅಂದರಂತೆ ಸಾಹೇಬರು.

ಕಿವಿಯ ಹಿಂದೆ ಬುರುಡೆ ಕೊರೆದು ಗಡ್ಡೆ ತೆಗೆದರು. ಸಾಹೇಬರು ಬದುಕಿ ಬಂದರು. ಮುಖದ ಎಡಭಾಗ ಜೋತುಬಿದ್ದಿತ್ತು. ನಕ್ಕರೆ ಒಂದು ಕಡೆ ಮಾತ್ರ ನಗು. ಎಡಗಣ್ಣು ಮುಚ್ಚುತ್ತಲೇ ಇರಲಿಲ್ಲ. ಮಲಗುವಾಗ ಅವರ ಹೆಂಡತಿ ಅದರ ಮೇಲೆ ಒದ್ದೆ ಅರಿವೆ ಕಟ್ಟುತ್ತಿದ್ದರು. ಹೊಸ ಗಿರಾಕಿಗಳ ಮಕ್ಕಳು ಹೆದರಿ ಅಳುತ್ತಿದ್ದವು... ಆಗ ಅವರು ಎದ್ದು ಒಳಗೆ ಹೋಗುತ್ತಿದ್ದರು. ಆದರೂ ಮಷೀನು ತುಳಿದು ಮಕ್ಕಳನ್ನು ದಡ ಸೇರಿಸಿದರು.

ಈಗ ಸಾಹೇಬರಿಲ್ಲ, ಅಪ್ಪನೂ ಇಲ್ಲ. ಮದ್ರಾಸಿನ ಡಾಕ್ಟರು ಹೇಳಿದ ಇನ್ನೊಂದು ಮಾತನ್ನು ಅಪ್ಪ ಕೊನೆಗಾಲದಲ್ಲಿ ನನಗೆ ಹೇಳಿದರು. ಒಂದು ವರ್ಷ ಮೊದಲು ಬಂದಿದ್ದರೆ ಗಡ್ಡೆ ಸಣ್ಣದಿರುತ್ತಿತ್ತು, ಮುಖ ಉಳಿಸಲು ನೋಡಬಹುದಿತ್ತು ಅಂತ. ಇದನ್ನು ಬರೆಯುವಾಗಲೂ ಸಂಕಟವಾಗುತ್ತಿದೆ. ಆ ಒಂದು ವರ್ಷವನ್ನು ಇಬ್ಬರೂ ಎದುರುಬದುರು ಮನೆಯಲ್ಲಿ ಮಾತು ಬಿಟ್ಟು ಕಳೆದಿದ್ದರು.