ವಾಲಿದ ಮನೆಯೊಳಗೆ

ಕೋವಿಡ್ ಬಂದು ಹೋದ ಮೇಲೆ ವೇದಾಳಿಗೆ ಕಾಲ ಕೆಳಗಿನ ನೆಲದ ಮೇಲೆ ನಂಬಿಕೆ ಉಳಿದಿರಲಿಲ್ಲ. ಸುಬಾಂಗ್ ಜಯಾ ಊರಿನ ತಮ್ಮ ಫ್ಲ್ಯಾಟಿನಲ್ಲಿ ತಲೆ ತಿರುಗಿಸಿದರೆ ಸಾಕು, ಹಜಾರವೇ ಒಂದು ಬದಿಗೆ ಜಾರುತ್ತಿತ್ತು. ವಿಡಿಯೊ ಕರೆಯಲ್ಲೇ ಅವಳನ್ನು ಪರೀಕ್ಷಿಸಿದ ಡಾಕ್ಟರು ಬರೀ ಸುಸ್ತು ಎಂದರು. ಗಂಡ ಗಂಗಾಧರ ನೆಲದ ಮಟ್ಟ ನೋಡುವ ಆ್ಯಪ್ ತೆರೆದು ಫೋನನ್ನು ನೆಲಕ್ಕಿಟ್ಟು ತೋರಿಸಿ, ಎಲ್ಲ ಸರಿಯಾಗಿದೆ, ತಲೆಗೆ ಹಚ್ಚಿಕೊಳ್ಳಬೇಡ ಎಂದ. ಅವನದು ಕೆಟ್ಟ ಮನಸ್ಸಲ್ಲ. ಅಳತೆಗೆ ಸಿಗದ್ದನ್ನು ಒಪ್ಪುವ ಅಭ್ಯಾಸವಿರಲಿಲ್ಲ, ಅಷ್ಟೆ.

ದೂರದ ಯಾವುದಾದರೊಂದು ವಸ್ತುವಿನ ಮೇಲೆ ಕಣ್ಣು ನೆಟ್ಟು, ಬೆರಳ ತುದಿಯನ್ನು ಗೋಡೆಗೆ ತಾಗಿಸಿ ನಡೆಯುವುದನ್ನು ವೇದಾ ತಾನಾಗಿಯೇ ಕಲಿತಳು. ಆದರೆ ಸೋಮವಾರದಿಂದ ಕ್ಲಾಂಗ್ ಬಂದರಿನ ಸರಕು ಕಚೇರಿಗೆ ಮತ್ತೆ ಕಾರು ಓಡಿಸಿಕೊಂಡು ಹೋಗಬೇಕಿತ್ತು. ಕಂಟೇನರ್ ಲಾರಿಗಳ ನಡುವೆ ಹೆದ್ದಾರಿಯೇ ಜಾರಿದರೆ? ತನ್ನಿಂದ ಆಗುವುದಿಲ್ಲ ಎಂದು ಅವಳು ಅಂದಾಗಲೆಲ್ಲ ಗಂಗಾಧರ, ಹೊರಗೆ ಓಡಾಡಿದರೆ ಸರಿಹೋಗುತ್ತದೆ ಎನ್ನುತ್ತಿದ್ದ.

ಹಾಗೆಂದೇ ಕೋವಿಡ್ಡಿನ ಓಡಾಟದ ನಿರ್ಬಂಧ ಸಡಿಲಿದ ಕೂಡಲೇ ಅವಳನ್ನೂ ಮಗಳು ಪೂರ್ವಿಯನ್ನೂ ಹುಲು ಲಂಗಾಟ್ ಕಡೆಯ ಶಿಲ್ಪವನಕ್ಕೆ ಕರೆದೊಯ್ದ. ರಿನೇಸಾನ್ಸ್ ಕಾಲದಲ್ಲಿ ಇಟಲಿಯ ದೊರೆಯೊಬ್ಬ ಕಾಡಿನೊಳಗೆ ಕಡೆಸಿದ ವಿಚಿತ್ರ ಶಿಲ್ಪಗಳನ್ನು ನೋಡಿಕೊಂಡು ಇಲ್ಲಿನ ತಾಳೆಎಣ್ಣೆ ವ್ಯಾಪಾರಿಯೊಬ್ಬ ಮಾಡಿಸಿದ್ದು. ದೊರೆ ಅವನ್ನೆಲ್ಲ ಯಾಕೆ ಮಾಡಿಸಿದನೋ ಸರಿಯಾಗಿ ಗೊತ್ತಿಲ್ಲ ಎಂದು ಬಾಗಿಲ ಫಲಕವೇ ಹೇಳುತ್ತಿತ್ತು. ಬಾಯ್ತೆರೆದ ರಾಕ್ಷಸ, ಆಮೆಯ ಬೆನ್ನೇರಿ ನಿಂತ ಹೆಂಗಸು, ಕೊನೆಗೆ ಬೇಕೆಂದೇ ವಾಲಿಸಿ ಕಟ್ಟಿದ ಒಂದು ಮನೆ.

ಒಳಗೆ ನೆಲ, ಕಿಟಕಿ, ಸೂರು ಎಲ್ಲಕ್ಕೂ ಒಂದೇ ಓರೆ. ಕಾಲಿಟ್ಟವನೇ ಗಂಗಾಧರ ತೂರಾಡಿ ಗೋಡೆಗೆ ಭುಜ ಕೊಟ್ಟ.

"ಅಪ್ಪಾ, ಯು ಲುಕ್ ಡ್ರಂಕ್ ಲಾ," ಎಂದಳು ಪೂರ್ವಿ ಇಲ್ಲಿನ ಮಕ್ಕಳ ಇಂಗ್ಲಿಷಿನಲ್ಲಿ, ತಾನೂ ಬಾಗಿಲು ಹಿಡಿದುಕೊಂಡು.

ವೇದಾ ಕಿಟಕಿಯಾಚೆಯ ಮರವೊಂದರ ಮೇಲೆ ಕಣ್ಣಿಟ್ಟು, ಗೋಡೆಗೆ ಬೆರಳು ತಾಗಿಸಿಕೊಂಡು, ಎಂದಿನಂತೆಯೇ ಆಚೆ ಬಾಗಿಲಿಗೆ ನಡೆದಳು. ಅವಳಿಗೆ ಅಲ್ಲಿ ಹೊಸದೇನೂ ಇರಲಿಲ್ಲ.

ಹೊರಗೆ ಬಂದ ಗಂಗಾಧರ ಮಾಸ್ಕನ್ನು ಗದ್ದಕ್ಕಿಳಿಸಿ ಕಲ್ಲಿನ ಮೇಲೆ ಕುಸಿದು ಕೂತ. ಮುಖ ಬಿಳಿಚಿಕೊಂಡಿತ್ತು. ಅವಳು ಕೊಟ್ಟ ನೀರನ್ನು ಗುಟುಕು ಗುಟುಕಾಗಿ ಕುಡಿದ.

"ಮನೇಲೂ ಹಿಂಗೇ ಆಗುತ್ತಾ ನಿಂಗೆ?"

"ಇಲ್ಲಿ ಬಾಗಿಲು ದಾಟಿದ್ರೆ ಮುಗೀತಲ್ಲ ರೀ."

ಅವನು ನೀರಿನ ಬಾಟಲಿಗೆ ಮುಚ್ಚಳ ಹಾಕಿದ. ಆಮೇಲೆ, "ಸೋಮವಾರ ನಾನು ರಜ ಹಾಕ್ತೀನಿ. ನೀನು ಬಂದರಿಗೆಲ್ಲ ಹೋಗೋದು ಬೇಡ. ಕಿವಿಯೊಳಗೆ ತೊಂದ್ರೆ ಆದ್ರೂ ಹಿಂಗೆ ತಲೆ ತಿರುಗುತ್ತಂತೆ, ಕಿವಿ ಡಾಕ್ಟ್ರ ಹತ್ರ ಹೋಗೋಣ," ಎಂದ.

ವೇದಾ ಹೂಂಗುಟ್ಟಿದಳು. ಅವನ ತಲೆ ತಿರುಗುವುದು ನಿಲ್ಲುವವರೆಗೂ ಮೂವರೂ ಅಲ್ಲೇ ಕೂತಿದ್ದರು. ತಡವಾಗುತ್ತಿದ್ದರೂ, ನೀನೇ ಕಾರು ಓಡಿಸು ಎಂದು ಅವನು ಅವಳಿಗೆ ಹೇಳಲಿಲ್ಲ.